ಹೆಪ್ಪು ಮತ್ತು ಪಾಸ್‌ವರ್ಡ್

ನಮ್ಮ ಮನೆಯ ಮೊಸರಿಗೆ ನನಗಿಂತ ಹೆಚ್ಚು ವಯಸ್ಸು. ಅಮ್ಮ ಮದುವೆಯಾಗಿ ಕ್ಯಾಲನೂರು ಕಡೆಯ ಈ ಹಳ್ಳಿಗೆ ಬಂದಾಗ ತವರಾದ ಯಲ್ದೂರಿನಿಂದ ಒಂದು ಕುಡಿಕೆಯಲ್ಲಿ ಹೆಪ್ಪು ತಂದಿದ್ದಳಂತೆ. ಇವತ್ತಿನ ಮೊಸರಿನ ಒಂದು ಚಮಚ ನಾಳೆಯ ಹಾಲಿಗೆ, ನಾಳೆಯದು ನಾಡಿದ್ದಿನ ಹಾಲಿಗೆ, ಹೀಗೆ ಅದು ನಡೆದುಬಂದಿದೆ. ನಡುವೆ ಅಪ್ಪ ತೀರಿಕೊಂಡರು. ನಾನು ಬ್ಯಾಂಕಿಗೆ ಸೇರಿ ಮಾಲೂರು, ಮುಳಬಾಗಿಲು, ಕೋಲಾರ ಎಂದು ಶಾಖೆಯಿಂದ ಶಾಖೆಗೆ ವರ್ಗವಾಗಿ, ಕೊನೆಗೆ ನಿವೃತ್ತಳಾಗಿ ಅಮ್ಮನ ಹತ್ತಿರವೇ ಬಂದು ನೆಲೆಸಿದೆ. ಮೊಸರು ಮಾತ್ರ ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ಹೆಪ್ಪಿಗೆ ನಮ್ಮ ಬೀದಿಯಲ್ಲಿ ಕೆಲವು ಕಟ್ಟಳೆಗಳಿವೆ. ಕೇಳಿದವರಿಗೆ ಇಲ್ಲ ಎನ್ನಬಾರದು. ಎಂಥ ಜಗಳವಿದ್ದರೂ ಹೆಪ್ಪಿಗೆ ಮಾತ್ರ ಬಾಗಿಲು ತೆರೆದಿರಬೇಕು. ಆದರೆ ದೀಪ ಹಚ್ಚಿದ ಮೇಲೆ ಕೊಡಬಾರದು. ಸಂಜೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಉಪ್ಪು ಹೊಸಿಲು ದಾಟಿದರೆ ಮನೆಯ ಲಕ್ಷ್ಮಿಯೂ ಅವುಗಳ ಜೊತೆಗೆ ಹೊರಡುತ್ತಾಳೆ ಎಂಬುದು ಅಮ್ಮನ ನಂಬಿಕೆ. ನಾನು ಎಷ್ಟು ವಾದ ಮಾಡಿದರೂ ಅವಳು ಅದನ್ನು ಬಿಟ್ಟಿಲ್ಲ.

ನಮ್ಮ ಹೆಪ್ಪನ್ನು ಎಲ್ಲರಿಗಿಂತ ಹೆಚ್ಚು ಒಯ್ದವರು ಪಕ್ಕದ ಮನೆಯ ಆಪಾ. ಊರಿಗೆಲ್ಲ ಅವರು ಆಪಾ, ಉರ್ದುವಿನಲ್ಲಿ ಅಕ್ಕ. ಅವರ ಯಜಮಾನರು ಲಾರಿ, ಟ್ರ್ಯಾಕ್ಟರುಗಳ ಸೀಟು ಹೊಲಿಯುವ ಕೆಲಸ ಮಾಡುತ್ತಾರೆ. ಆಪಾ ಎರಡು ಹಸು ಕಟ್ಟಿಕೊಂಡು ಎರಡು ಹೊತ್ತೂ ಡೈರಿಗೆ ಹಾಲು ಹಾಕುತ್ತಾರೆ. ನಮ್ಮ ಕೊಟ್ಟಿಗೆಗೂ ಅವರ ಕೊಟ್ಟಿಗೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಆಚೆ ಈಚೆ ನಿಂತು ಅಮ್ಮನೂ ಆಪಾನೂ ಹರಟುತ್ತ ಮುದುಕಿಯರಾಗಿದ್ದಾರೆ. ಅವರಿಬ್ಬರ ಸ್ನೇಹದಲ್ಲಿ ನಾನು ಮೊದಲಿನಿಂದಲೂ ಮೂರನೆಯವಳೇ. ನಾನು ಬ್ಯಾಂಕಿಗೆ ಸೇರಿದಂದಿನಿಂದ ಆಪಾ ನನ್ನನ್ನು ‘ಮೇಡಮ್ಮು’ ಎನ್ನುತ್ತಾರೆ. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನನಗೆ ಇನ್ನೂ ತಿಳಿದಿಲ್ಲ.

ನಮ್ಮ ಬೀದಿ ತಗ್ಗಿನಲ್ಲಿದೆ. ಮೊಬೈಲಿಗೆ ಸಿಗ್ನಲ್ ಬೇಕೆಂದರೆ ಕೆರೆಯ ಏರಿ ಹತ್ತಬೇಕು. ಅದಕ್ಕೇ ಕೇಬಲ್‌ನವನು ಊರಿಗೆ ತಂತಿ ಎಳೆದಾಗ ಮೊದಲು ಹಾಕಿಸಿಕೊಂಡವಳು ನಾನು. ಟಿವಿಯ ಮೇಲುಗಡೆ ಹಲಗೆಯ ಮೇಲೆ ಎರಡು ಕೋಡಿನ ಒಂದು ಡಬ್ಬಿ ಇಟ್ಟು, ‘ಪಾಸ್‌ವರ್ಡ್ ಇದರ ಅಡೀಲೇ ಅಂಟಿಸಿದೆ ನೋಡ್ಕೊಳ್ಳಿ ಮೇಡಮ್’ ಎಂದು ಹೇಳಿ ಅವನು ಹೋದ. ಅಮ್ಮ ಅದನ್ನು ಕೇಳಿಸಿಕೊಂಡಳು. ಅಮ್ಮನಿಗೆ ಇಂಗ್ಲಿಷ್ ಓದಲು ಬಾರದು. ಆದರೆ ಡಬ್ಬಿಯ ಅಡಿಯಲ್ಲಿ ಏನೋ ಇದೆ, ಅದನ್ನು ನೋಡಿಕೊಂಡವರ ಫೋನಿಗೆ ನೆಟ್ಟು ಬರುತ್ತದೆ, ಎಷ್ಟು ಜನ ನೋಡಿಕೊಂಡರೂ ನಮ್ಮ ಟಿವಿಯಲ್ಲಿ ಧಾರಾವಾಹಿ ನಿಲ್ಲುವುದಿಲ್ಲ ಎಂಬಷ್ಟು ಅವಳಿಗೆ ಅರ್ಥವಾಯಿತು. ಕೊಟ್ಟರೂ ಕಡಮೆಯಾಗದ ಇನ್ನೊಂದು ವಸ್ತು ಮನೆಯಲ್ಲಿ ಆಗಲೇ ಇತ್ತಲ್ಲ. ಇದನ್ನೂ ಅಮ್ಮ ಅದರ ಜೊತೆಗೇ ಸೇರಿಸಿಬಿಟ್ಟಳು.

ಹಾಗಾಗಿ ಹಾಲು ಕೊಂಡುಕೊಳ್ಳಲು ಬಂದವರು, ಕರಿಬೇವು ಕೇಳಲು ಬಂದವರು, ಎಲ್ಲರೂ ಒಂದು ಸಲ ಡಬ್ಬಿಯನ್ನು ಬೋರಲು ಹಾಕಿ ನೋಡಿಕೊಂಡೇ ಹೋಗತೊಡಗಿದರು. ‘ತಿರುಗಿಸಿ ನೋಡ್ಕೊಳ್ಳಮ್ಮ, ಕೊಟ್ರೆ ಸವೆಯೋದೇನಲ್ಲ’ ಎಂದು ಅಮ್ಮನೇ ಸ್ಟೂಲು ಎಳೆದುಕೊಡುತ್ತಿದ್ದಳು. ತಮಾಷೆಯೆಂದರೆ ಕಟ್ಟಳೆಯೂ ಅದೇ. ಒಂದು ಸಂಜೆ ಎದುರು ಮನೆಯ ಸೊಸೆ ಫೋನು ಹಿಡಿದು ಬಂದಾಗ ಅಮ್ಮ ಬಾಗಿಲಲ್ಲೇ ತಡೆದಳು.

‘ದೀಪ ಹಚ್ಚಾಯ್ತು ಕಣೇ. ನಾಳೆ ಬೆಳಿಗ್ಗೆ ಬಾ.’

ನಾನು ಒಳಗೆ ಕುಳಿತು ನಗುತ್ತಿದ್ದೆ. ಆ ನಗು ಬಹಳ ದಿನ ಉಳಿಯಲಿಲ್ಲ.

ಪಿಂಚಣಿದಾರರು ವರ್ಷಕ್ಕೊಮ್ಮೆ ತಾವು ಬದುಕಿದ್ದೇವೆಂದು ತೋರಿಸಿಕೊಡಬೇಕು. ಈಗ ಅದನ್ನು ಫೋನಿನಲ್ಲೇ ಮಾಡಬಹುದು. ಮುಖವನ್ನು ಕ್ಯಾಮರಾಗೆ ಹಿಡಿದು, ಕಣ್ಣು ಮಿಟುಕಿಸಿದರೆ ಸಾಕು, ನಾವು ಜೀವಂತ. ನಾನು ತಲೆ ಬಾಚಿಕೊಂಡು ಕುಳಿತು ಕಣ್ಣು ಮಿಟುಕಿಸಿದೆ. ಪರದೆಯ ಮೇಲೆ ಚಕ್ರ ತಿರುಗಿತು. ಮತ್ತೆ ಮಿಟುಕಿಸಿದೆ. ಮತ್ತೆ ಚಕ್ರ. ಅಂಗಳದಾಚೆಯಿಂದ ‘ಸಿಕ್ಸರ್’ ಎಂಬ ಕೂಗು ಕೇಳಿತು. ಹೊರಗೆ ಬಂದು ನೋಡಿದರೆ ನಮ್ಮ ಕಾಂಪೌಂಡಿನ ಗೋಡೆಯ ಉದ್ದಕ್ಕೂ ಊರಿನ ಪಡ್ಡೆಗಳು ಸಾಲಾಗಿ ಕುಳಿತು ನಮ್ಮ ವೈಫೈಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವರು ಆಟ ಮುಗಿಸಿ ಏಳುವವರೆಗೆ ಸರ್ಕಾರದ ಪಾಲಿಗೆ ನಾನು ಬದುಕಿರಲಿಲ್ಲ.

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದೆನೇನೋ. ಗೋಡೆಯ ತುದಿಯಲ್ಲಿ ಬೈಕಿನ ಮೇಲೆ ಒಬ್ಬ ಕುಳಿತಿದ್ದ, ನನಗೆ ಗುರುತೇ ಇಲ್ಲದವನು. ಯಾರಪ್ಪಾ ನೀನು ಎಂದೆ. ‘ಇಲ್ಲಿ ನೆಟ್ಟು ಫ್ರೀ ಅಂದ್ರು ಆಂಟಿ’ ಎಂದು ತಲೆ ಎತ್ತದೆ ಹೇಳಿದ. ನನ್ನ ಮೈ ಉರಿದುಹೋಯಿತು. ನನ್ನ ಉಳಿತಾಯ ಖಾತೆ, ಪಿಂಚಣಿ, ಅಮ್ಮನ ಆಸ್ಪತ್ರೆಯ ಕಾಗದಪತ್ರ ಎಲ್ಲ ಓಡಾಡುವ ದಾರಿಯಲ್ಲಿ ಗೊತ್ತುಗುರಿ ಇಲ್ಲದವನೊಬ್ಬ ಕಾಲು ಚಾಚಿ ಕುಳಿತಿದ್ದ. ಅವನು ಏನೂ ಮಾಡದೆ ಇರಬಹುದು. ಮಾಡುವವರೂ ಹೀಗೆಯೇ ಕುಳಿತಿರುತ್ತಾರೆ.

ಬ್ಯಾಂಕಿನ ಜನಕ್ಕೆ ಬೀಗ ಎಂದರೆ ಒಂದು ಬಗೆಯ ಭಕ್ತಿ. ಶಾಖೆಯ ಭದ್ರಕೋಣೆಗೆ ಎರಡು ಕೀಲಿಕೈ, ಇಬ್ಬರ ಹತ್ತಿರ. ಒಬ್ಬರೇ ಎಂದೂ ತೆರೆಯುವಂತಿಲ್ಲ. ಮನೆಯಲ್ಲಿ ಯಾರಿಗೆ ಮೈ ಹುಷಾರಿಲ್ಲದಿದ್ದರೂ, ಮಳೆ ಹೊಯ್ದರೂ, ನನ್ನ ಪಾಲಿನ ಕೀಲಿಕೈ ಹಿಡಿದು ನಾನು ಹೊತ್ತಿಗೆ ಸರಿಯಾಗಿ ಅಲ್ಲಿ ಇರಬೇಕಾಗಿತ್ತು. ಅಷ್ಟು ವರ್ಷ ಹಾಗೆ ಬಾಳಿದವಳ ಮನೆಯಲ್ಲಿ ಕೀಲಿಕೈಯನ್ನು ಡಬ್ಬಿಯ ಅಡಿಗೆ ಅಂಟಿಸಿ, ಹತ್ತಲು ಸ್ಟೂಲು ಬೇರೆ ಕೊಡುತ್ತಿದ್ದರು.

ಮರುದಿನ ಅಮ್ಮ ಡೈರಿಗೆ ಹೋದ ಹೊತ್ತು ನೋಡಿ ಕೂತೆ. ಕೇಬಲ್‌ನವನಿಗೆ ವೈಫೈಯಲ್ಲೇ ಫೋನು ಮಾಡಿ ಕೇಳಿಕೊಂಡು, ಬ್ರೌಸರಿನಲ್ಲಿ ಅವನು ಹೇಳಿದ ಅಂಕಿಗಳ ವಿಳಾಸ ಹೊಡೆದೆ. ಡಬ್ಬಿಯ ಒಳಮನೆ ತೆರೆದುಕೊಂಡಿತು. ಅದರ ಬಾಗಿಲಿಗಿದ್ದ ಪಾಸ್‌ವರ್ಡೂ ಕಂಪನಿಯವರು ಎಲ್ಲರಿಗೂ ಕೊಡುವ ಅದೇ ಹಳೆಯದು. ಮೊದಲು ಅದನ್ನು ಬದಲಿಸಿದೆ. ಇಲ್ಲದಿದ್ದರೆ ಒಳಗೆ ಬಂದವನು ನನ್ನನ್ನೇ ಆಚೆ ಹಾಕಿ ಬಾಗಿಲು ಹಾಕಿಕೊಳ್ಳಬಹುದು ಎಂದು ಕೇಬಲ್‌ನವನು ಹೆದರಿಸಿದ್ದ. ಆಮೇಲೆ ವೈರ್‌ಲೆಸ್ ಎಂಬ ಪುಟಕ್ಕೆ ಹೋಗಿ, ಅಲ್ಲಿದ್ದ ಭದ್ರತೆಯ ಬಗೆಗಳಲ್ಲಿ ಹೊಸದನ್ನು ಆರಿಸಿದೆ. ಗುಂಡಿ ಒತ್ತಿದರೆ ಸಾಕು ಪಾಸ್‌ವರ್ಡಿಲ್ಲದೆ ಯಾರನ್ನಾದರೂ ಸೇರಿಸಿಕೊಳ್ಳುವ ಒಂದು ಸೌಲಭ್ಯವಿತ್ತು, ಅದನ್ನು ಮುಚ್ಚಿದೆ. ಹೊಸ ಪಾಸ್‌ವರ್ಡನ್ನು ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಬೆರೆಸಿ ಉದ್ದಕ್ಕೆ ಕಟ್ಟಿ, ಉಳಿಸು ಎಂಬಲ್ಲಿ ಒತ್ತಿದೆ. ಡಬ್ಬಿಯ ದೀಪಗಳೆಲ್ಲ ಒಮ್ಮೆ ಆರಿ ಹೊತ್ತಿಕೊಂಡವು. ಬೀದಿಯಲ್ಲಿ ಅಲ್ಲಲ್ಲಿ ‘ಲೇ, ನೆಟ್ಟು ಹೋಯ್ತು ಕಣ್ಲಾ’ ಎಂಬ ಕೂಗು ಕೇಳಿತು. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು.

ಅಮ್ಮ ಬಂದು ವಿಷಯ ತಿಳಿದಾಗ ಕೇಳಿದ ಮೊದಲ ಮಾತು, ‘ಆಪಾಗೆ?’

ಆಪಾ ತಮ್ಮ ಮಗಳನ್ನು ಮುಳಬಾಗಿಲಿಗೆ ಕೊಟ್ಟಿದ್ದಾರೆ. ಆಗ ಅವಳಿಗೆ ಹೆಣ್ಣು ಮಗುವಾಗಿ ಸ್ವಲ್ಪ ದಿನವಷ್ಟೇ ಆಗಿತ್ತು. ಮುಳಬಾಗಿಲು ದೂರವೇನಲ್ಲ, ಆದರೆ ಎರಡು ಹೊತ್ತು ಕರೆಯುವ ಹಸು ಬಿಟ್ಟು ಹೋಗಿ ಉಳಿಯಲು ಆಗುವುದಿಲ್ಲ. ಹಾಗಾಗಿ ದಿನವೂ ಸಂಜೆ ಹಾಲು ಹಾಕಿ ಬಂದ ಮೇಲೆ ಆಪಾ ಗೋಡೆಗೆ ಒರಗಿ ನಿಂತು ಫೋನಿನಲ್ಲಿ ಮಗುವನ್ನು ನೋಡುತ್ತಿದ್ದರು. ಈಚೆಯಿಂದ ಅಮ್ಮನೂ ಕತ್ತು ಚಾಚುತ್ತಿದ್ದಳು. ಮಗು ಆಕಳಿಸಿದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದರು. ಫೋನಿನಲ್ಲಿ ಆ ಕೂಸು ಕಂಡ ಇಬ್ಬರು ಅಜ್ಜಿಯರಲ್ಲಿ ಒಬ್ಬಳು ನಮ್ಮಮ್ಮ.

‘ಬಂದು ಕೇಳಲಿ, ಕೊಡ್ತೀನಿ. ಬೇಡ ಅಂತ ಎಲ್ಲಿ ಅಂದೆ?’ ಎಂದೆ.

‘ಅವಳು ಕೇಳಲ್ಲ’ ಎಂದಳು ಅಮ್ಮ.

ಅದು ನಿಜವಾಯಿತು. ಪಡ್ಡೆಗಳೆಲ್ಲ ಬಂದು ಕೇಳಿದರು, ಗೋಗರೆದರು, ಬೈದುಕೊಂಡು ಹೋದರು. ಎದುರು ಮನೆಯ ಸೊಸೆ ಎರಡು ಸಲ ಬಂದಳು. ಆಪಾ ಬರಲಿಲ್ಲ. ಇದ್ದದ್ದು ಮುಚ್ಚಿತೆಂದರೆ ಮುಚ್ಚಿದವರಿಗೆ ಕಾರಣ ಇರುತ್ತದೆ, ಅದನ್ನು ಕೆದಕಬಾರದು ಎಂಬ ಸ್ವಭಾವದವರು ಅವರು. ಸಂಜೆ ಹಾಲು ಹಾಕಿದ ಮೇಲೆ ಮನೆಗೆ ಬಾರದೆ ನೇರವಾಗಿ ಕೆರೆಯ ಏರಿಗೆ ಹೋಗಿ, ಅಲ್ಲಿಂದ ಮಗಳಿಗೆ ಫೋನು ಮಾಡತೊಡಗಿದರು. ನನ್ನನ್ನು ಕಂಡರೆ ಎಂದಿನಂತೆ ನಗುತ್ತಿದ್ದರು, ‘ಊಟ ಆಯ್ತಾ ಮೇಡಮ್ಮು’ ಎನ್ನುತ್ತಿದ್ದರು. ಗೋಡೆಯ ಹತ್ತಿರ ಮಾತ್ರ ನಿಲ್ಲುತ್ತಿರಲಿಲ್ಲ.

ಅಮ್ಮ ಸಂಜೆ ಗೋಡೆಯ ಬಳಿ ಹೋಗುವುದು, ಹಸುವಿನ ಮೈ ಸವರುವುದು, ಏರಿಯ ಕಡೆ ನೋಡುವುದು, ವಾಪಸ್ಸು ಬರುವುದು. ನಾನು ಕಂಡೂ ಕಾಣದವಳಂತೆ ಇದ್ದೆ. ಬೀಗ ಹಾಕಿದ್ದು ಸರಿ ಎಂದು ನನಗೆ ಗೊತ್ತಿತ್ತು. ಈಗಲೂ ಅದು ಸರಿಯೇ.

ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಮ್ಮ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕುಳಿತಳು. ಕಾಫಿ ಕೊಟ್ಟೆ, ಕುಡಿಯಲಿಲ್ಲ. ಆಮೇಲೆ ಹೇಳಿದಳು.

‘ಆಪಾ ಅಂಗಡಿಯಿಂದ ಪ್ಯಾಕೆಟ್ ಮೊಸರು ತಂದವಳೆ.’

‘ತಂದ್ರೆ ಏನಾಯ್ತಮ್ಮಾ?’

‘ಎರಡು ಹಸು ಕಟ್ಟಿರೋಳು ಪ್ಯಾಕೆಟ್ ಮೊಸರು ಯಾಕೆ ತರ್ತಾಳೆ? ಸೆಕೆಗೆ ಹೆಪ್ಪು ಕೆಟ್ಟೈತೆ. ನಮ್ಮನೇಲಿ ಕೇಳೋಕೆ ಮನಸ್ಸು ಬಂದಿಲ್ಲ ಅವಳಿಗೆ.’

ನನಗೆ ಅವಳ ನೋವು ಆಗ ಅರ್ಥವಾಯಿತು. ನನ್ನ ಲೆಕ್ಕದಲ್ಲಿ ನಾನು ಮುಚ್ಚಿದ್ದು ನೆಟ್ಟನ್ನು. ಆಪಾ ಲೆಕ್ಕದಲ್ಲಿ ನಮ್ಮ ಮನೆ ಕೊಡುವುದನ್ನೇ ನಿಲ್ಲಿಸಿತ್ತು. ನಮ್ಮ ಮನೆ ಹೆಪ್ಪಿಗೆ ಇಲ್ಲವೆನ್ನುವ ಮನೆ ಎಂದು ಒಬ್ಬರಿಗಾದರೂ ಅನ್ನಿಸಿತಲ್ಲ, ಅದೂ ಆಪಾಗೆ ಅನ್ನಿಸಿತಲ್ಲ ಎಂಬುದನ್ನು ಅಮ್ಮನಿಗೆ ತಾಳಲಾಗಲಿಲ್ಲ.

ಆದರೂ ನಾನು ಸುಮ್ಮನೆ ಸೋಲುವವಳಲ್ಲ. ಆ ಮಧ್ಯಾಹ್ನ ಮತ್ತೆ ಡಬ್ಬಿಯ ಪುಟ ತೆರೆದು, ಅತಿಥಿಗಳಿಗೆಂದೇ ಬೇರೆ ವೈಫೈ ಮಾಡಿಕೊಡುವ ಒಂದು ಜಾಗ ಇರುವುದನ್ನು ಹುಡುಕಿ ಹಿಡಿದೆ. ಬಂದವರು ಅದರಲ್ಲಿ ನೆಟ್ಟು ನೋಡಬಹುದು, ನಮ್ಮ ಫೋನು ಟಿವಿಗಳಿರುವ ಒಳಗಿನ ಜಾಲಕ್ಕೆ ಮಾತ್ರ ಬರಲಾಗದು. ಬಹಳ ಜಾಣತನದ ಏರ್ಪಾಡು. ಅಮ್ಮನಿಗೆ ಸಡಗರದಿಂದ ವಿವರಿಸಿದೆ. ಜಗುಲಿ ಬೇರೆ, ನಡುಮನೆ ಬೇರೆ, ಅವರಿಗೆ ಜಗುಲಿ ಕೊಡೋಣ ಎಂದೆ.

‘ಆಪಾ ನಮ್ಮನೆಗೆ ನೆಂಟಳೇನೇ?’ ಎಂದಳು ಅಮ್ಮ.

ನಾನು ಏನೋ ಹೇಳಲು ಹೋದೆ.

‘ಊರಿಗೆ ಹೋಗ್ಬೇಕಾದ್ರೆ ಮನೆ ಬೀಗದ ಕೈ ಎಲ್ಲಿ ಕೊಡ್ತೀಯ? ಅವಳ ಮನೆ ಗೂಟಕ್ಕೆ ತಾನೆ ನೇತಾಕೋದು? ನಿನ್ನ ಒಡವೆ, ನಿನ್ನ ಬೀರು ಎಲ್ಲಾ ಅವಳ ಕೈಗೆ ಕೊಟ್ಟು ಹೋಗ್ತೀಯ. ಕಣ್ಣಿಗೆ ಕಾಣದ ಗಾಳಿಗೆ ಬಂದು ಬೀಗ ಹಾಕ್ತೀಯಲ್ಲೇ!’ ಎಂದು, ಸಿಟ್ಟು ಬಂದಾಗ ಯಾವಾಗಲೂ ಮಾಡುವಂತೆ ತೆಲುಗಿಗೆ ಇಳಿದು, ‘ನೀ ಇಷ್ಟಂ, ಏಮನ್ನಾ ಚೇಸ್ಕೋ’ ಎಂದು ಎದ್ದು ಹೋದಳು. ನಿನ್ನಿಷ್ಟ, ಏನಾದರೂ ಮಾಡಿಕೋ ಎಂದು ಅರ್ಥ. ಅಮ್ಮ ಅದನ್ನು ಹೇಳಿದರೆ ನನ್ನ ಇಷ್ಟ ಅಲ್ಲಿಗೆ ಮುಗಿಯಿತು.

ಕುಳಿತು ಯೋಚಿಸಿದೆ. ಬ್ಯಾಂಕಿನಲ್ಲಿ ಇನ್ನೊಂದು ಕಟ್ಟಳೆಯೂ ಇತ್ತು. ಭದ್ರಕೋಣೆಯ ಎರಡನೆಯ ಜೊತೆ ಕೀಲಿಕೈಯನ್ನು ಆ ಶಾಖೆಯಲ್ಲೇ ಇಡುವಂತಿಲ್ಲ. ಅದನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಬೇರೊಂದು ಶಾಖೆಯಲ್ಲಿ ಇಟ್ಟು ಬರುತ್ತಿದ್ದೆವು. ಎಷ್ಟು ಬೀಗ ಹಾಕಿದರೂ ನಮ್ಮ ಕೀಲಿಕೈ ಕಳೆದುಹೋದ ದಿನ ತೆಗೆದುಕೊಡಲು ಹೊರಗೆ ಒಬ್ಬರು ಬೇಕು. ಆ ಒಬ್ಬರು ಯಾರು ಎಂದು ಆರಿಸುವುದರಲ್ಲೇ ಭದ್ರತೆ ಇರುವುದು. ಬೈಕಿನವನನ್ನೂ ಆಪಾನನ್ನೂ ಒಂದೇ ಏಟಿಗೆ ಆಚೆ ಹಾಕುವ ಬೀಗ ಎಷ್ಟು ಗಟ್ಟಿಯಾಗಿದ್ದರೇನು, ಅದಕ್ಕೆ ಕಣ್ಣಿಲ್ಲ.

ಹೊತ್ತು ಮುಳುಗುವ ಮೊದಲು ಹೊರಟೆ. ಅಮ್ಮ ಒಂದು ಬಟ್ಟಲಲ್ಲಿ ಮೊಸರು ಹಾಕಿ ತಂದು ನನ್ನ ಕೈಯಲ್ಲಿಟ್ಟಳು. ಒಂದು ಕೈಯಲ್ಲಿ ಹೆಪ್ಪು, ಇನ್ನೊಂದರಲ್ಲಿ ನನ್ನ ಫೋನು ಹಿಡಿದು ಗೋಡೆಯ ಬಳಿ ನಿಂತು ಕೂಗಿದೆ. ಆಪಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

‘ನಿಮ್ಮ ಫೋನ್ ಕೊಡಿ ಆಪಾ’ ಎಂದೆ.

‘ಯಾಕೆ ಮೇಡಮ್ಮು?’

‘ಕೊಡಿ ಅಂದ್ರೆ ಕೊಡಿ.’

ಆ ಉದ್ದನೆಯ ಪಾಸ್‌ವರ್ಡನ್ನು ನನ್ನ ಕೈಯಾರೆ ಅವರ ಫೋನಿಗೆ ಹಾಕಿದೆ. ಅತಿಥಿಗಳದ್ದಲ್ಲ, ನಮ್ಮದನ್ನೇ ಹಾಕಿದೆ. ‘ಬೇರೆ ಯಾರಿಗೂ ಕೊಡಬೇಡಿ, ಹುಡುಗರು ಕೇಳ್ತಾರೆ’ ಎಂದೆ. ಆಪಾ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ‘ನಾನ್ಯಾಕೆ ಕೊಡ್ತೀನಿ? ಊರಿಗೆಲ್ಲಾ ಕೊಡೋಕೆ ನಾನೇನು ನಿಮ್ಮಮ್ಮನಾ?’ ಎಂದರು. ಕೊಟ್ಟಿಗೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಅಮ್ಮ ಗಟ್ಟಿಯಾಗಿ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಊರಿನ ಮಿಕ್ಕವರಿಗೆ ಅತಿಥಿ ವೈಫೈ ಕೊಟ್ಟೆ, ಅದರ ವೇಗವನ್ನು ಕ್ರಿಕೆಟ್ಟಿಗೆ ಸಾಲದಷ್ಟು ಇಳಿಸಿಯೇ ಕೊಟ್ಟೆ.

ಆ ಮಳೆಗಾಲ ಅಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಹೊರಡುವ ಗಡಿಬಿಡಿಯಲ್ಲೂ ನಾನು ಅಭ್ಯಾಸಬಲದಿಂದ ಮೇನ್ ಸ್ವಿಚ್ ಆರಿಸಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಆಪಾಗೆ ಕೊಟ್ಟಿದ್ದೆ. ಹಸುವನ್ನೂ ಅವರಿಗೇ ಬಿಟ್ಟಿದ್ದೆ.

ಆಪರೇಷನ್ ಚೆನ್ನಾಗಿ ಆಗಿದೆ ಎಂದು ಡಾಕ್ಟರು ಹೇಳಿದರು. ಆದರೆ ಅಮ್ಮ ಏಳಲೊಲ್ಲಳು. ವಾಕರ್ ಹಿಡಿದು ನಿಲ್ಲಿಸಲು ಬಂದವರ ಮೇಲೆ ರೇಗಿದಳು. ತಟ್ಟೆಯಲ್ಲಿಟ್ಟದ್ದನ್ನು ಪಕ್ಕಕ್ಕೆ ತಳ್ಳಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಿದ್ದಳು. ಈ ವಯಸ್ಸಿನಲ್ಲಿ ಮಲಗಿದವರು ಮಲಗಿಯೇ ಬಿಡುತ್ತಾರೆ, ಹೇಗಾದರೂ ಎಬ್ಬಿಸಿ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಎಬ್ಬಿಸುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ.

ಸಂಜೆ ನನ್ನ ಫೋನು ಹೊಡೆದುಕೊಂಡಿತು. ಆಪಾ. ಅದೂ ವೀಡಿಯೋ. ಅವರ ಮುಖದ ಹಿಂದೆ ನಮ್ಮ ಕೊಟ್ಟಿಗೆಯ ಕಂಬ ಕಾಣುತ್ತಿತ್ತು.

‘ನೆಟ್ಟು ಹೇಗೆ ಬಂತು ಆಪಾ? ಮೇನ್ ಆರಿಸಿದ್ದೆನಲ್ಲ?’

‘ಬೀಗ ತೆಗೆದು ಮೇನ್ ಹಾಕ್ದೆ ಮೇಡಮ್ಮು. ಅಕ್ಕನ ಮುಂದೆ ಹಿಡೀರಿ ಫೋನು.’

ಹಿಡಿದೆ. ಪರದೆಯ ತುಂಬ ನಮ್ಮ ಕೆಂದ ಹಸುವಿನ ಮುಖ. ಅದು ಫೋನನ್ನು ಮೂಸಿ ಮೂಗಿನ ಹೊಳ್ಳೆ ಅರಳಿಸಿತು. ಅಮ್ಮ ತಲೆ ಎತ್ತಿದಳು. ‘ಹಿಂಡಿ ಹಾಕ್ತಾ ಇದೀಯೇನೇ? ಬಡವಾಗವ್ಳೆ’ ಎಂದಳು. ಆಸ್ಪತ್ರೆಗೆ ಬಂದ ಮೇಲೆ ಅವಳು ಆಡಿದ ಮೊದಲ ಪೂರ್ತಿ ಮಾತು. ಆಪಾ ಕೊಟ್ಟಿಗೆ ತೋರಿಸಿದರು, ಬಾವಿಕಟ್ಟೆ ತೋರಿಸಿದರು, ನುಗ್ಗೆ ಮರ ತೋರಿಸಿದರು. ನಾನು ಬೀಗ ಹಾಕಿ ಬಂದ ಮನೆಗೆ ಅಮ್ಮ ಮಲಗಿದಲ್ಲಿಂದಲೇ ಒಂದು ಸುತ್ತು ಬಂದಳು. ಕೊನೆಗೆ ಕೇಳಿದಳು.

‘ಹೆಪ್ಪು?’

‘ನಿಮ್ಮನೇದು ಬೂಷ್ಟು ಹಿಡಿದೋಗಿತ್ತು ಅಕ್ಕಾ. ಚೆಲ್ಬಿಟ್ಟೆ.’

ಅಮ್ಮನ ಮುಖ ಬಾಡಿತು. ಯಲ್ದೂರಿನಿಂದ ಬಂದ ಕುಡಿಕೆ ನನ್ನ ಕಣ್ಣಿಗೂ ಕಟ್ಟಿತು. ಅಷ್ಟರಲ್ಲಿ ಪರದೆ ಅಲುಗಾಡಿತು. ಆಪಾ ಗೋಡೆ ಬಳಸಿಕೊಂಡು ತಮ್ಮ ಅಡುಗೆಮನೆಗೆ ನಡೆದು, ಒಂದು ಪಾತ್ರೆಯ ಮುಚ್ಚಳ ತೆಗೆದು ಅದರ ಮೇಲೆ ಫೋನು ಹಿಡಿದರು. ಗಟ್ಟಿ ಮೊಸರು, ಮೇಲೆ ಹಳದಿ ಕೆನೆ.

‘ಇದು ಯಾರದು? ನಿಮ್ದೇ ಅಲ್ವಾ? ಅವತ್ತು ಮೇಡಮ್ಮು ತಂದ್ಕೊಟ್ಟಿದ್ದೇ ನಡೀತಾ ಐತೆ. ನೀವು ಎದ್ದು ಬನ್ನಿ, ಕೊಡ್ತೀನಿ.’

ಅಮ್ಮ ತಟ್ಟೆಯಲ್ಲಿದ್ದ ಆಸ್ಪತ್ರೆಯ ಮೊಸರನ್ನವನ್ನು ಎಳೆದುಕೊಂಡು, ‘ಇದೂ ಒಂದು ಮೊಸರಾ’ ಎಂದು ಬೈಯುತ್ತ ಬೈಯುತ್ತ ಮುಗಿಸಿದಳು. ಮರುದಿನ ವಾಕರ್ ಹಿಡಿದು ನಿಂತಳು. ನಾನು ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಮನೆಗೆ ಬಂದದ್ದು ಒಂದು ಸಂಜೆ. ಕಾರಿನಿಂದ ಇಳಿಸಿ, ನಡುಮನೆಯ ಮಂಚದ ಮೇಲೆ ಕೂರಿಸಿ, ದೇವರಿಗೆ ದೀಪ ಹಚ್ಚಿದೆ. ಹಲಗೆಯ ಮೇಲೆ ಡಬ್ಬಿಯ ಹಸಿರು ದೀಪಗಳೂ ಉರಿಯುತ್ತಿದ್ದವು. ಅಷ್ಟರಲ್ಲಿ ಆಪಾ ಬಟ್ಟಲ ಮೇಲೆ ಸೆರಗು ಮುಚ್ಚಿಕೊಂಡು ಹೊಸಿಲಲ್ಲಿ ನಿಂತರು. ಅದು ನಮ್ಮದೇ ಬಟ್ಟಲು.

ಅಮ್ಮ ಮಂಚದಿಂದಲೇ ಕೈ ಅಡ್ಡ ಮಾಡಿದಳು. ‘ಬೇಡ ಕಣೇ, ದೀಪ ಹಚ್ಚಾಯ್ತು. ನಿನ್ನ ಮನೆ ಲಕ್ಷ್ಮಿ ಬಂದ್ಬಿಡ್ತಾಳೆ. ಈಗ ಕೊಡಬಾರದು.’

‘ನಾನೆಲ್ಲಿ ಕೊಡ್ತಾ ಇದೀನಿ ಅಕ್ಕಾ?’ ಎಂದರು ಆಪಾ, ಹೊಸಿಲು ದಾಟುತ್ತ. ‘ವಾಪಸ್ಸು ತಂದಿದೀನಿ.’